ಹಳ್ಳದಿಂದ ಅಳಿವೆಯವರೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಘಟ್ಟದಂಚಿನಲ್ಲಿ ನಮಗೆ ಎಂಟು ಎಕರೆ ಕಾಫಿ ತೋಟವಿದೆ. ತೋಟದ ಕೆಳಗಿನ ಹಳ್ಳ ಕೆಂಪುಹೊಳೆಯನ್ನು ಸೇರುತ್ತದೆ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಹೊರಬಿಡುವ ನೀರನ್ನು ಹಳ್ಳಕ್ಕೆ ಬಿಟ್ಟರೆ ಮಂಗಳೂರಿನ ಅಳಿವೆಯಲ್ಲಿ ಮೀನು ಸಾಯುತ್ತದೆ ಎಂದು ಕರಾವಳಿಯ ನೆಂಟರೊಬ್ಬರು ವಾದಿಸಿದರು. ಅಷ್ಟು ದೂರದ ನೀರು ಕೆಡಲು ನಮ್ಮ ತೋಟ ಕಾರಣವಾಗುವುದು ಸಾಧ್ಯವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ತಮ್ಮ ನೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆಂಪುಹೊಳೆಯ ನೀರು ಗುಂಡ್ಯದ ಹಾದಿಯಾಗಿ ಕುಮಾರಧಾರೆಗೆ, ಅಲ್ಲಿಂದ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಉಳ್ಳಾಲದ ಬಳಿ ಸಮುದ್ರ ಕಾಣುತ್ತದೆ. ಆದರೆ ಪಲ್ಪರ್ ನೀರು ಮೊದಲು ಕೊಲ್ಲುವುದು ಅಳಿವೆಯ ಮೀನನ್ನಲ್ಲ, ತಮ್ಮದೇ ಹಳ್ಳದ ಮೀನು, ಏಡಿ, ಹುಳುಗಳನ್ನು.

ಕಾಫಿ ಹಣ್ಣಿನ ಸಿಪ್ಪೆಯಲ್ಲೂ ಬೀಜಕ್ಕಂಟಿದ ಲೋಳೆಯಲ್ಲೂ ಸಕ್ಕರೆ ತುಂಬಿರುತ್ತದೆ. ಆ ಸಕ್ಕರೆಯನ್ನು ತಿಂದು ಬೆಳೆಯುವ ಸೂಕ್ಷ್ಮಾಣುಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಒಂದು ಲೀಟರ್ ಪಲ್ಪರ್ ನೀರು ಹೀಗೆ ಬೇಡುವ ಆಮ್ಲಜನಕವನ್ನು ಐದು ಸಾವಿರ ಮಿಲಿಗ್ರಾಂ ಎಂದು ಇಟ್ಟುಕೊಳ್ಳೋಣ. ಅದಕ್ಕಿಂತ ಹೆಚ್ಚು ಬೇಡುವ ನೀರೂ ಉಂಟು. ಶುದ್ಧವಾದ ಹೊಳೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಅಂದರೆ ಒಂದು ಲೀಟರ್ ಪಲ್ಪರ್ ನೀರು ಆರುನೂರು ಲೀಟರಿಗೂ ಮೀರಿದ ಹೊಳೆ ನೀರಿನ ಉಸಿರನ್ನು ಕಸಿಯಬಲ್ಲದು. ಪಲ್ಪಿಂಗ್ ನಡೆಯುವ ಕಾಲವನ್ನೂ ಇಲ್ಲಿ ನೆನೆಯಬೇಕು. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿಯವರೆಗೂ ರೊಬಸ್ಟಾ ಅದರ ಬೆನ್ನಿಗೇ ಕೊಯ್ಲಿಗೆ ಬರುತ್ತದೆ. ಮಳೆ ನಿಂತು ಹಳ್ಳ ದಿನದಿನಕ್ಕೂ ಸೊರಗುವುದೂ ಅದೇ ತಿಂಗಳುಗಳಲ್ಲಿ.

ಉದ್ದಕ್ಕೂ ಕಲ್ಲುಬಂಡೆಗಳ ಮೇಲೆ ಬಿದ್ದು ಗಾಳಿ ಕುಡಿಯುತ್ತ ಹರಿಯುವುದರಿಂದ ಹೊಳೆ ಈ ಸಕ್ಕರೆಯನ್ನು ಸಮುದ್ರ ಸೇರುವ ಮುನ್ನವೇ ಬಹುಪಾಲು ಅರಗಿಸಿಕೊಳ್ಳುತ್ತದೆ. ಅಳಿವೆಯವರೆಗೂ ತಲುಪುವವು ಬೇರೆ ಮೂರು ವಸ್ತುಗಳು: ಗೊಬ್ಬರದ ಸಾರಜನಕ ಮತ್ತು ರಂಜಕ, ಮಳೆಗೆ ಕೊಚ್ಚಿಹೋಗುವ ಮಣ್ಣು, ಆ ಮಣ್ಣಿಗೆ ಅಂಟಿದ ತಾಮ್ರ. ಗಿಡಗಳ ಶಿಲೀಂಧ್ರ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತದ ತಾಮ್ರ ಕೊಳೆತು ಮಾಯವಾಗುವಂಥದ್ದಲ್ಲ. ಮಣ್ಣಿನ ಕಣವನ್ನು ಹಿಡಿದುಕೊಂಡೇ ಪ್ರಯಾಣ ಮಾಡುತ್ತದೆ.

ಆ ಕಣ ಅಳಿವೆಯಲ್ಲೇ ಏಕೆ ತಂಗುತ್ತದೆ ಎಂಬುದನ್ನು ತಾವು ಮನೆಯಲ್ಲೇ ನೋಡಬಹುದು. ಜೋರು ಮಳೆ ಬಂದ ದಿನ ತೋಟದ ಚರಂಡಿಯ ಕೆಂಪು ನೀರನ್ನು ಎರಡು ಗಾಜಿನ ಲೋಟಗಳಲ್ಲಿ ಹಿಡಿದು, ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ ಕಲಕಿ ಪಕ್ಕಕ್ಕಿಡಿ. ಕೆಲವು ಗಂಟೆಗಳಲ್ಲಿ ಉಪ್ಪಿನ ಲೋಟದ ಮಣ್ಣು ಹತ್ತಿಯ ಎಳೆಗಳಂತೆ ಗುಂಪುಗೂಡಿ ತಳಕ್ಕಿಳಿಯುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ಇನ್ನೊಂದು ಲೋಟ ಕದಡಿದ ಹಾಗೆಯೇ ಇರುತ್ತದೆ. ಸಿಹಿನೀರು ಉಪ್ಪುನೀರನ್ನು ಸಂಧಿಸುವ ಅಳಿವೆಯಲ್ಲಿ ನಡೆಯುವುದೂ ಇದೇ. ಆ ಕೆಸರಿನಲ್ಲಿ ಬದುಕುವ ಮರುವಾಯಿ, ನಮ್ಮ ಮಾತಿನಲ್ಲಿ ಕಪ್ಪೆಚಿಪ್ಪು, ನೀರನ್ನು ಸೋಸಿ ಸೋಸಿ ಆಹಾರ ಪಡೆಯುವ ಜೀವಿಯಾದ್ದರಿಂದ ನೀರಿನಲ್ಲಿರುವ ಲೋಹವೂ ಅದರ ಮೈಯಲ್ಲಿ ಸೇರುತ್ತ ಹೋಗುತ್ತದೆ.

ಪಲ್ಪರ್ ನೀರನ್ನು ಹಳ್ಳದಿಂದ ದೂರದ ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಳೆದು, ಕೊಳೆಯಲು ಬಿಟ್ಟು, ಆಮೇಲೆ ತೋಟಕ್ಕೇ ಬಿಡಬಹುದು. ಒಮ್ಮೆ ಬಳಸಿದ ನೀರನ್ನೇ ಮತ್ತೆ ಪಲ್ಪರಿಗೆ ತಿರುಗಿಸಿದರೆ ಗುಂಡಿಯೂ ಚಿಕ್ಕದಾದೀತು. ಎಂಟು ಎಕರೆಯ ತೋಟಕ್ಕೆ ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿ ಚೆರ್ರಿ ಮಾಡುವ ದಾರಿಯೂ ಇದೆ. ಬೆಲೆ ಕಡಿಮೆ ಸಿಕ್ಕೀತು, ಆದರೆ ಹೊರಬಿಡುವ ನೀರೇ ಇರುವುದಿಲ್ಲ. ಹಳ್ಳದ ಎರಡೂ ದಡದಲ್ಲಿ ಹುಲ್ಲು, ವಾಟೆ, ಕಾಡುಮರಗಳನ್ನು ಕಡಿಯದೆ ಉಳಿಸಿದರೆ ಮಣ್ಣೂ ತಾಮ್ರವೂ ಅಲ್ಲಿಯೇ ತಡೆಯುತ್ತವೆ. ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಈ ದಡ ಉಳಿಸುವುದೇ.

ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಯ ಮಳೆ ನೀರು ಯಾವ ಅಳಿವೆಗೆ ಹೋಗುತ್ತದೆ?
– ಶಾಲಾ ಶಿಕ್ಷಕಿ, ಮೂಡಿಗೆರೆ

ಉತ್ತರ: ಒಂದಕ್ಕಲ್ಲ, ಮೂರು ಕಡೆಗೆ. ತುಂಗೆ, ಭದ್ರೆ, ವೇದಾವತಿ ಕೃಷ್ಣೆಯ ಜೊತೆ ಆಂಧ್ರದ ಹಂಸಲದೀವಿ ಕಡೆಗೆ, ತಮ್ಮ ಊರಿನ ಹೇಮಾವತಿಯೂ ಯಗಚಿಯೂ ಕಾವೇರಿಯ ಜೊತೆ ತಮಿಳುನಾಡಿನ ಪೂಂಪುಹಾರಿನ ಕಡೆಗೆ, ನೇತ್ರಾವತಿ ಮಂಗಳೂರಿಗೆ. ಪೂರ್ವದ ಎರಡು ಹಾದಿಗಳಲ್ಲಿ ಅಣೆಕಟ್ಟೆಗಳ ಸಾಲೇ ಇರುವುದರಿಂದ ಇಲ್ಲಿನ ಹನಿ ಅಲ್ಲಿಯವರೆಗೆ ತಲುಪುವುದು ಅಪರೂಪ.

ಪ್ರಶ್ನೆ: ಪಶ್ಚಿಮಕ್ಕೆ ಹರಿಯುವ ನೀರೆಲ್ಲ ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತದೆ ಎನ್ನುತ್ತಾರೆ. ಬರಗಾಲದ ಊರುಗಳಿಗೆ ಅದನ್ನು ಒಯ್ಯುವುದರಲ್ಲಿ ತಪ್ಪೇನು?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಬಾಯಾರಿದ ಊರಿಗೆ ನೀರು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಎತ್ತಿನಹೊಳೆ ಯೋಜನೆ ಸಕಲೇಶಪುರದ ಹೊಳೆಗಳಿಂದ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಸುಮಾರು 24 ಟಿಎಂಸಿ ನೀರನ್ನು ಒಯ್ಯುವ ಉದ್ದೇಶದ್ದು. ಅದರ ಪರ ವಿರೋಧದ ವಾದ ಏನೇ ಇರಲಿ, ‘ವ್ಯರ್ಥ’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗ ಭಾರವಾದ ಆ ನೀರು ನದಿಯ ತಳ ಹಿಡಿದು ಒಳನಾಡಿಗೆ ನುಗ್ಗುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಘಟ್ಟದಿಂದ ಇಳಿಯುವ ಸಿಹಿನೀರು. ಮಳೆಗಾಲದಲ್ಲಿ ಅಳಿವೆ ಬಹುತೇಕ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಉಪ್ಪು ಮೇಲಕ್ಕೇರುತ್ತದೆ, ಅಳಿವೆಯ ಜೀವಿಗಳು ಈ ಏರಿಳಿತಕ್ಕೇ ಒಗ್ಗಿಕೊಂಡಿವೆ. ಸಮುದ್ರದಲ್ಲಿ ಮೊಟ್ಟೆಯೊಡೆದ ಬಿಳಿ ಸಿಗಡಿಯ ಮರಿಗಳು ಅಳಿವೆಯೊಳಗೆ ಬಂದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಮರೆಯಲ್ಲಿ ಬೆಳೆದು, ಮತ್ತೆ ಸಮುದ್ರಕ್ಕೆ ಮರಳುತ್ತವೆ. ಹೊಳೆ ಸೊರಗಿದರೆ ಉಪ್ಪು ಇನ್ನಷ್ಟು ಒಳಗೆ ಬಂದು ದಡದ ಬಾವಿಗಳನ್ನೂ ಮುಟ್ಟುತ್ತದೆ. ಆದ್ದರಿಂದ ಎಷ್ಟು ನೀರು ಒಯ್ಯುತ್ತೇವೆ ಎಂಬುದರ ಜೊತೆಗೆ ಯಾವ ತಿಂಗಳಲ್ಲಿ ಒಯ್ಯುತ್ತೇವೆ ಎಂಬುದನ್ನೂ ಕೇಳಬೇಕು. ಜುಲೈನ ಪ್ರವಾಹದಿಂದ ಎತ್ತಿದ ನೀರೂ ಡಿಸೆಂಬರಿನ ತೆಳು ಹರಿವಿನಿಂದ ಎತ್ತಿದ ನೀರೂ ಅಳಿವೆಗೆ ಒಂದೇ ಅಲ್ಲ.

ಅಣೆಕಟ್ಟೆಯಿಲ್ಲದ ನದಿಯ ಅಳಿವೆ ಹೇಗಿರುತ್ತದೆ ಎಂಬುದನ್ನು ನೋಡಬೇಕೆಂದಿದ್ದರೆ ರಜೆಯಲ್ಲಿ ಕುಮಟಾದ ಅಘನಾಶಿನಿಗೆ ಹೋಗಿ ಬನ್ನಿ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ತಾಣವದು. ಅಲ್ಲಿ ಇಳಿತದ ಹೊತ್ತಿಗೆ ಜನ ನೀರಿಗಿಳಿದು ಕಪ್ಪೆಚಿಪ್ಪು ಆಯುತ್ತಾರೆ. ಉಪ್ಪುನೀರು ನುಗ್ಗುವ ದಡದ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತ ಬೆಳೆದವರಿದ್ದಾರೆ. ಭರತ ಇಳಿತಗಳ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುವುದರಿಂದ, ಹೊರಡುವ ಮುನ್ನ ಆ ದಿನದ ಇಳಿತ ಎಷ್ಟು ಗಂಟೆಗೆ ಎಂದು ಅಲ್ಲಿನ ಮೀನುಗಾರರನ್ನು ಕೇಳಿಕೊಳ್ಳಿ.