ರೇಸಿನ ಋತು ಮುಗಿದ ಮೇಲೆ

ಪ್ರಶ್ನೆ: ರೇಸ್ ಋತು ಮುಗಿದಾಗ ಕುದುರೆಗಳಿಗೆ ಹೊರದೇಶಗಳಲ್ಲಿ ನಿಜಕ್ಕೂ ಬಿಡುವು ಸಿಗುತ್ತದೆಯೇ?
– ಓದುಗರೊಬ್ಬರು, ಸಕಲೇಶಪುರ, ಹಾಸನ ಜಿಲ್ಲೆ

ಉತ್ತರ: ಸಿಗಬೇಕು, ಆದರೆ ಎಲ್ಲಕ್ಕೂ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಹುಲ್ಲುಹಾಸಿನ ಸಮತಟ್ಟು ಓಟಗಳು ನವೆಂಬರಿನಲ್ಲಿ ಮುಗಿದು, ಚಳಿಗಾಲವೆಲ್ಲ ಬೇಲಿ ಹಾರುವ ಓಟಗಳ ಕಾಲವಾಗುತ್ತದೆ. ಅದೇ ನವೆಂಬರಿನ ಮೊದಲ ಮಂಗಳವಾರ ಆಸ್ಟ್ರೇಲಿಯಾದಲ್ಲಿ 3,200 ಮೀಟರಿನ ಮೆಲ್ಬರ್ನ್ ಕಪ್ ನಡೆಯುವುದರಿಂದ, ಯುರೋಪಿನ ಕೆಲವು ಮಾಲೀಕರು ತಮ್ಮ ಕುದುರೆಗಳನ್ನು ವಿಮಾನದಲ್ಲಿ ಅಲ್ಲಿಗೆ ಕಳುಹಿಸುತ್ತಾರೆ. ವಿಶ್ರಾಂತಿಯನ್ನು ಕಸಿದುಕೊಳ್ಳುವ ಇಂತಹ ಓಡಾಟ ನನಗೆ ಸರಿಕಾಣುವುದಿಲ್ಲ, ಏಕೆಂದರೆ ಮುಂಗಾಲಿನ ಸ್ನಾಯುರಜ್ಜಿಗೆ ಬಿದ್ದ ಪೆಟ್ಟು ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಕಾಳಜಿಯುಳ್ಳ ತರಬೇತುದಾರರು ಲಾಳ ಕಳಚಿ, ಕಾಳಿನ ಮೇವು ತಗ್ಗಿಸಿ, ಕುದುರೆಯನ್ನು ಹುಲ್ಲುಗಾವಲಿಗೆ ಬಿಡುತ್ತಾರೆ. ಮರಳಿದ ಮೇಲೂ ಮೊದಲು ನಡಿಗೆ, ಬಳಿಕ ಕುಕ್ಕುಲೋಟ, ಕೊನೆಗಷ್ಟೇ ನಾಗಾಲೋಟ. ನಮ್ಮಲ್ಲಿ ಬೆಂಗಳೂರಿನ ಬೇಸಿಗೆ ಋತುವಿನ ಬೆನ್ನಲ್ಲೇ ಮಳೆಗಾಲದಲ್ಲಿ ಮೈಸೂರಿನ ಓಟಗಳು ಬರುವುದರಿಂದ, ಬಿಡುವನ್ನು ಮಾಲೀಕರೇ ಮನಸ್ಸು ಮಾಡಿ ಕೊಡಬೇಕಾಗುತ್ತದೆ.