ಹಡಗಿನ ಪಕ್ಕೆಯ ಮೇಲೆ ಒಂದೇ ಲೋಡ್ ಲೈನ್ (ಸರಕು ತುಂಬಿದಾಗ ಹಡಗು ಎಷ್ಟರವರೆಗೆ ಮುಳುಗಬಹುದು ಎಂದು ತೋರಿಸುವ ಗೆರೆ) ಸಾಲದೇ? ಅಷ್ಟೊಂದು ಗೆರೆ ಯಾಕೆ?

ಸಾಲದು. ಋತು, ಸಮುದ್ರದ ವಲಯ, ನೀರಿನ ಸಾಂದ್ರತೆ ಬದಲಾದಂತೆ ಹಡಗು ಮುಳುಗಬಹುದಾದ ಮಿತಿಯೂ ಬದಲಾಗುತ್ತದೆ. ನೀರಿನಿಂದ ಡೆಕ್‌ವರೆಗಿನ ಎತ್ತರವೇ ಫ್ರೀಬೋರ್ಡ್. ಅದು ಕಮ್ಮಿಯಾದಷ್ಟೂ ಮೀಸಲು ತೇಲುವ ಶಕ್ತಿ ಕರಗುತ್ತದೆ, ಅಲೆಗಳು ಡೆಕ್ಕೇರಿ ಹ್ಯಾಚ್‌ಗಳನ್ನು (ಸರಕಿನ ಕೋಣೆಯ ಮೇಲಿನ ಮುಚ್ಚಳಗಳನ್ನು) ಬಡಿಯುತ್ತವೆ. ಹಾಗಾಗಿ ಸಮುದ್ರ ಹೆಚ್ಚು ಒರಟಾಗಿರುವ ಚಳಿಗಾಲದ ಡಬ್ಲ್ಯೂ ಗೆರೆ ಕೆಳಗೆ, ಉಷ್ಣವಲಯದ ಟಿ ಗೆರೆ ಮೇಲೆ. ಬೇಸಿಗೆಯ ಎಸ್ ಗೆರೆ ಪಕ್ಕದಲ್ಲೇ ಬರೆದಿರುವ 300 ಮಿ.ಮೀ. ವ್ಯಾಸದ ವೃತ್ತವನ್ನು ಸೀಳುವ ಗೆರೆಯ ಮಟ್ಟದಲ್ಲಿರುತ್ತದೆ. ಸಾಂದ್ರತೆ ಕಮ್ಮಿಯಿರುವ ಸಿಹಿನೀರಿನ ಬಂದರಿನಲ್ಲಿ ಎಸ್ ಮುಳುಗಿ ನೀರು ಎಫ್ ಗೆರೆ ಮುಟ್ಟಿದರೂ ತಪ್ಪಲ್ಲ. ಉಪ್ಪುನೀರಿಗೆ ಬಂದಾಗ ಹಡಗು ತಾನೇ ಮೇಲೇಳುತ್ತದೆ.

ಎಡವುವುದು ಸಾಮಾನ್ಯವಾಗಿ ಇಲ್ಲಿ: ಹೊರಡುವ ಬಂದರಿನ ಗೆರೆಯನ್ನಷ್ಟೇ ನೋಡಿ ಸರಕು ತುಂಬುವುದು. ದಾರಿಯಲ್ಲಿ ಚಳಿಗಾಲದ ವಲಯ ಸಿಗುವುದಾದರೆ, ಅಲ್ಲಿಗೆ ತಲುಪುವಷ್ಟರಲ್ಲಿ ಉರಿಯುವ ಇಂಧನದ ತೂಕ ಕಳೆದು, ಡಬ್ಲ್ಯೂ ಗೆರೆ ಮುಳುಗದಂತೆ ಮೊದಲೇ ಲೆಕ್ಕ ಹಾಕಬೇಕು.

1966ರ ಅಂತರರಾಷ್ಟ್ರೀಯ ಲೋಡ್ ಲೈನ್ ಒಪ್ಪಂದದಡಿ ಹಡಗಿಗೆ ಕೊಡುವ ಲೋಡ್ ಲೈನ್ ಪ್ರಮಾಣಪತ್ರದ ಅವಧಿ ಹೆಚ್ಚೆಂದರೆ 5 ವರ್ಷ, ಅದೂ ವರ್ಷಕ್ಕೊಮ್ಮೆ ತಪಾಸಣೆ ಆದರಷ್ಟೇ.