ಪ್ರತಿಕ್ರಿಯೆ: ಮಡಿಸಿದ ಮೇಲೆ ಸೊಳ್ಳೆಪರದೆಯ ಬಳೆ ಅರಳದಿರುವ ಬಗ್ಗೆ

ಒಮ್ಮೆ ಮಡಿಸಿದ ಬಳಿಕ ನೀವೇ ಮಾಡಿಕೊಂಡ ತೂಗು ಸೊಳ್ಳೆಪರದೆಯ ಬಳೆ (ಪರದೆಯ ಮೇಲ್ಭಾಗವನ್ನು ಅಗಲಿಸಿ ಹಿಡಿಯುವ ತಂತಿಯ ಉಂಗುರ) ಸೊಟ್ಟಗಾಗಿ ಮತ್ತೆ ಅರಳುತ್ತಿಲ್ಲವೆಂದರೆ, ಬಹುಶಃ ನೀವು ಬಟ್ಟೆ ಒಣಹಾಕುವ, ಸತು ಲೇಪಿಸಿದ ಜಿ.ಐ. ತಂತಿಯನ್ನು ಬಳಸಿದ್ದೀರಿ, ತಂತಿಯ ಬಗೆಯನ್ನು ನೀವು ಬರೆದಿಲ್ಲವಾದ್ದರಿಂದ ಇದು ಊಹೆ. ಆ ಮೆದು ಉಕ್ಕು ಬಾಗಿದಂತೆಯೇ ಉಳಿಯುತ್ತದೆ. ಬೇಕಾಗಿರುವುದು ಸ್ಪ್ರಿಂಗ್ ಉಕ್ಕು. ಕಾರಿನ ಗಾಜಿಗೆ ಒಡ್ಡುವ, ತಿರುಚಿ ಮಡಿಸುವ ಹಳೆಯ ಬಿಸಿಲುಪರದೆಯನ್ನು ಬಿಚ್ಚಿದರೆ ಸಾಮಾನ್ಯವಾಗಿ ಅದೇ ಸಿಗುತ್ತದೆ.

ಮೊದಲು ತಂತಿಯ ಎರಡೂ ತುದಿಗಳನ್ನು ಬೆರಳುದ್ದದ ತಾಮ್ರದ ಕೊಳವೆಯೊಳಗೆ ಎದುರುಬದುರಾಗಿ ತೂರಿಸಿ, ಇಕ್ಕಳದಿಂದ ಅದುಮಿ, ಮೇಲೆ ಟೇಪು ಸುತ್ತಿರಿ. ಬರಿಯ ಮೊನೆ ಜಾಲರಿಯನ್ನು ಸೀಳಿಬಿಡುತ್ತದೆ. ನಂತರ ಪರದೆಯ ಮೇಲಂಚಿನಲ್ಲಿ ಬಳೆಯನ್ನು ಒಳಗಿಟ್ಟು, ಪೈಜಾಮಕ್ಕೆ ಲಾಡಿ ಪೋಣಿಸಲು ಬಿಡುವಂಥ ಮಡಿಕೆಯನ್ನು ಸಡಿಲವಾಗಿ ಹೊಲಿಯಿರಿ. ಮಡಿಸುವಾಗ ತಂತಿ ಒಳಗೆ ಹೊರಳಬೇಕಾದ್ದರಿಂದ ಬಿಗಿ ಹೊಲಿಗೆ ಇಲ್ಲಿ ಕೆಲಸಕ್ಕೆ ಬಾರದು. ಸರಿಯಾಗಿ ತಿರುಚಿದ ಬಳೆ ಮೂರು ಸುತ್ತಾಗುತ್ತದೆ, ಅಂದರೆ 90 ಸೆಂ.ಮೀ. ಅಗಲದ್ದು ಸುಮಾರು 30 ಸೆಂ.ಮೀ.ಗೆ ಇಳಿಯುತ್ತದೆ.

ತೂಕ ಕಡಿಮೆಯಾಗಬೇಕಿದ್ದರೆ ತಲೆ ಮತ್ತು ಎದೆಯನ್ನಷ್ಟೇ ಮುಚ್ಚುವಂತೆ ಪರದೆಯನ್ನು ಕತ್ತರಿಸಿ, ಉಳಿದ ಮೈಗೆ ದಪ್ಪ ಹೊದಿಕೆ ಸಾಕೆನ್ನುವುದು ನನ್ನ ಅಭಿಪ್ರಾಯ. ಆದರೆ ಕೆಳಗೆ ಚಾಪೆಯಡಿ ಸಿಕ್ಕಿಸಲು ಒಂದು ಮೊಳ ಹೆಚ್ಚುವರಿ ಬಿಡಿ, ಬದಿಯ ಜಾಲರಿ ಮುಖಕ್ಕೆ ತಾಗದಂತೆ ಬಳೆಯನ್ನು ತಲೆಯ ನೇರಕ್ಕೆ ತೂಗುಹಾಕಿ. ತಾಗಿದಲ್ಲಿ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಸಾಮಾನ್ಯ ಸೊಳ್ಳೆಪರದೆಯ ಕಣ್ಣುಗಳಲ್ಲಿ ಸಣ್ಣ ನುಸಿಗಳು ನುಸುಳಬಲ್ಲವು, ಹಾಗಾಗಿ ಹೊಳೆಯಂಚಿನಲ್ಲಿ ಮಲಗುವುದಾದರೆ ಇನ್ನೂ ಒತ್ತಾದ ಜಾಲರಿಯನ್ನೇ ಕೊಳ್ಳಿ. ಮಳೆಗಾಲದ ಮಲೆನಾಡಿಗೆ ಹೋಗುವುದಾದರೆ ತಳಕ್ಕೂ ಬಟ್ಟೆ ಹೊಲಿಯಲೇಬೇಕು. ಉಂಬಳಗಳು (ರಕ್ತ ಹೀರುವ ಜಿಗಣೆಗಳು) ನೆಲದ ಸಂದಿಯಿಂದಲೇ ಒಳಬರುತ್ತವೆ.